ನಮ್ಮೂರ ಕೆರೆಯ ಲೇಖನಕ್ಕೆ ನಲವತ್ತು ಡಾಲರ್

2023ರ ಮಳೆಗಾಲದ ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮುಳಬಾಗಿಲು ಕಡೆಯ ಒಂದು ಹಳ್ಳಿಯ ಹೈಸ್ಕೂಲ್ ಮೇಷ್ಟ್ರು. "ಮೇಡಂ, ನಮ್ಮೂರ ಕೆರೆ ಶಾಸನದ ಮೇಲೆ ನೀವು ಏನೋ ಬರ್ದಿದೀರಂತಲ್ಲ. ಮಕ್ಕಳಿಗೆ ಹೇಳೋಣ ಅಂತ ನೆಟ್ಟಲ್ಲಿ ಹುಡುಕ್ದೆ. ನಲವತ್ತು ಡಾಲರ್ ಕಟ್ಟು ಅಂತಾ ಇದೆ. ಒಸಿ ಕಮ್ಮಿ ಮಾಡ್ಕೊಡಕ್ಕಾಗಲ್ವಾ?"

ಪಾಪ, ಅಂಗಡಿ ನನ್ನದೇ ಅಂದುಕೊಂಡಿದ್ದರು. ಆ ಲೇಖನದಿಂದ ನನಗೆ ಈವರೆಗೆ ಬಂದದ್ದು ಸೊನ್ನೆ ರೂಪಾಯಿ ಅಂದರೆ ನಂಬಲಿಲ್ಲ. "ಹಂಗಾದ್ರೆ ದುಡ್ಡು ಯಾರ್ಗೋಗುತ್ತೆ?" ಅಂದರು. ಲೇಖನ ಬಂದ ಸಂಶೋಧನಾ ಪತ್ರಿಕೆಯ ಪ್ರಕಾಶಕರಿಗೆ ಅಂದೆ. ಬರೆದದ್ದಕ್ಕೆ ನನಗೆ ಕಾಸಿಲ್ಲ, ಅದನ್ನು ಓದಿ ತಿದ್ದಿಸಿದ ಇಬ್ಬರು ವಿಮರ್ಶಕರಿಗೂ ಕಾಸಿಲ್ಲ, ಊರೂರು ತಿರುಗಿದ ಬಸ್ ಚಾರ್ಜು ಸರ್ಕಾರದ ಸಂಬಳದ್ದು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೆ ವ್ಯಾಪಾರ ಬಿಡಿ" ಅಂದರು.

ಪಿಡಿಎಫ್ ನಾನೇ ಕಳಿಸ್ತೀನಿ ಅಂತ ಹೇಳಿ ಫೋನಿಟ್ಟೆ. ಆಮೇಲೆ ಫಜೀತಿ ಶುರುವಾಯಿತು. 2013ರ ಲೇಖನ. ಆಗ ಪ್ರಕಾಶಕರು ಕಳಿಸಿದ್ದ ಪ್ರತಿ ಯಾವ ಲ್ಯಾಪ್‌ಟಾಪಿನ ಜೊತೆ ಸತ್ತಿತೋ ಗೊತ್ತಿಲ್ಲ. ಪತ್ರಿಕೆಯ ಪುಟಕ್ಕೆ ಹೋದರೆ ನನಗೂ ಅದೇ 40 ಡಾಲರ್. ನಮ್ಮ ವಿಶ್ವವಿದ್ಯಾಲಯ ಆ ಪತ್ರಿಕೆಗೆ ಚಂದಾ ಕಟ್ಟುತ್ತಿರಲಿಲ್ಲ. ನನ್ನ ಲೇಖನ ಓದಲು ನನಗೇ ದಾರಿಯಿಲ್ಲ.

ಇನ್ನೊಂದು ತಮಾಷೆ ಕೇಳಿ. ನಾನು ಆ ಲೇಖನ ಬರೆದದ್ದು ಯಾವ ಆಧಾರದ ಮೇಲೆ? ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 10ನೇ ಸಂಪುಟ, ಕೋಲಾರ ಜಿಲ್ಲೆಯದು. ಅದರ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿದ್ದಿದೆ. ಕೆರೆ ಕಟ್ಟಿಸಿದವನಿಗೆ ಕೊಟ್ಟ ದಶವಂದ, ಕೆರೆಯ ಪಾಲನೆಗೆ ಬಿಟ್ಟ ಬಿತ್ತುವಟ್ಟ, ಹೂಳೆತ್ತುವ ಬಂಡಿಗೆ ಹಾಕಿಕೊಟ್ಟ ಭೂಮಿ, ಇವೆಲ್ಲ ಕಲ್ಲಿನ ಮೇಲೆ ಬಯಲಲ್ಲಿ ನಿಂತಿವೆ. ವಸಾಹತು ಕಾಲದ ಪುಸ್ತಕ ಪುಕ್ಕಟೆ, ಕಲ್ಲು ಪುಕ್ಕಟೆ. ಸ್ವತಂತ್ರ ಭಾರತದ ಸಂಬಳ ತಿಂದು ನಾನು ಬರೆದದ್ದು ಮಾತ್ರ ಬೀಗ ಹಾಕಿದ ಕೋಣೆಯಲ್ಲಿ.

ಮರುದಿನ ಲೈಬ್ರರಿಗೆ ಹೋದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದಕ್ಕೆ ಮುಂಚೆ ಹಲವು ವರ್ಷ ಅಲ್ಲಿಗೆ ಹೋದದ್ದು ಎರಡೇ ಕೆಲಸಕ್ಕೆ: ವಿದ್ಯಾರ್ಥಿಗಳ ಪಿಎಚ್.ಡಿ. ಪ್ರಬಂಧಕ್ಕೆ ಪ್ಲೇಜಿಯರಿಸಂ ರಿಪೋರ್ಟು, ಮತ್ತು ನೋ ಡ್ಯೂಸ್ ಸಹಿ. ಅಲ್ಲಿನ ಸಹಾಯಕ ಗ್ರಂಥಪಾಲಕರು ನಿವೃತ್ತಿ ಹತ್ತಿರದವರು, ಮಿತಭಾಷಿ. ನನ್ನ ಗೋಳು ಕೇಳಿ ಒಂದೇ ಪ್ರಶ್ನೆ ಕೇಳಿದರು. "ಮೇಡಂ, ಕೊನೇ ಸಲ ತಿದ್ದಿ ಕಳಿಸಿದ ವರ್ಡ್ ಫೈಲ್ ಇದೆಯಾ?"

ಅದು ಯಾಕೆ ಅಂದೆ. ಮೇಜಿನ ಮೇಲಿದ್ದ ಪುಸ್ತಕ ಬೇಡಿಕೆ ಚೀಟಿಯ ಹಿಂಬದಿಯಲ್ಲಿ ಮೂರು ಗೆರೆ ಎಳೆದು ತೋರಿಸಿದರು. ಒಂದು ಲೇಖನಕ್ಕೆ ಮೂರು ಅವತಾರ. ನಾವು ಮೊದಲು ಕಳಿಸಿದ್ದು ಒಂದು. ವಿಮರ್ಶಕರು ಹೇಳಿದಂತೆ ತಿದ್ದಿ, ಸಂಪಾದಕರು ಒಪ್ಪಿಕೊಂಡದ್ದು ಎರಡನೆಯದು. ಪ್ರಕಾಶಕರು ಪುಟ ಕಟ್ಟಿ, ಲೋಗೊ ಹಾಕಿ, ಪುಟಸಂಖ್ಯೆ ಕೊಟ್ಟದ್ದು ಮೂರನೆಯದು. ಕಾಪಿರೈಟ್ ಬರೆದುಕೊಟ್ಟ ಮೇಲೆ ಮೂರನೆಯದನ್ನು ಸಾಮಾನ್ಯವಾಗಿ ಮುಟ್ಟುವ ಹಾಗಿಲ್ಲ. ಆದರೆ ಎರಡನೆಯದನ್ನು ನಮ್ಮ ಸಂಸ್ಥೆಯ ರೆಪೊಸಿಟರಿಯಲ್ಲಿ, ಅಂದರೆ ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಆನ್‌ಲೈನ್ ಭಂಡಾರದಲ್ಲಿ, ಹಾಕಲು ಬಹಳಷ್ಟು ಪ್ರಕಾಶಕರ ಅನುಮತಿ ಇದ್ದೇ ಇರುತ್ತದೆ. ಕೆಲವರು ತಕ್ಷಣ, ಕೆಲವರು ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಅನ್ನುತ್ತಾರೆ. ಯಾವ ಪತ್ರಿಕೆಯದು ಯಾವ ನಿಯಮ ಎಂದು ನೋಡಲು ಆಗ ಶೆರ್ಪಾ ರೋಮಿಯೊ ಎಂಬ ತಾಣವಿತ್ತು. ಹೆಸರು ಕೇಳಿದರೆ ಹಿಮಾಲಯ ಹತ್ತಲು ಹೊರಟ ಪ್ರೇಮಿಯ ಹಾಗಿದೆ, ಈಗ ಓಪನ್ ಪಾಲಿಸಿ ಫೈಂಡರ್ ಅಂತ ಸಪ್ಪೆ ಹೆಸರಿಟ್ಟಿದ್ದಾರೆ. ನನ್ನ ಪತ್ರಿಕೆಯ ಹೆಸರು ಹಾಕಿ ನೋಡಿದರು. ಒಪ್ಪಿತ ಪ್ರತಿ, ಹನ್ನೆರಡು ತಿಂಗಳ ನಂತರ, ಧಾರಾಳವಾಗಿ ಹಾಕಬಹುದು.

ಅಂದರೆ 2014ರಿಂದಲೂ ಬಾಗಿಲು ತೆರೆದೇ ಇತ್ತು. ಒಂಬತ್ತು ವರ್ಷ ನಾನು ತಳ್ಳಿ ನೋಡಿರಲಿಲ್ಲ.

ಫೈಲ್ ಸಿಕ್ಕಿದ್ದು ಹಳೆಯ ಯಾಹೂ ಮೇಲ್‌ನಲ್ಲಿ, "ಫೈನಲ್ ಫೈನಲ್ 3" ಅನ್ನುವ ಹೆಸರಿನಲ್ಲಿ. ಪಾಸ್‌ವರ್ಡ್ ನೆನಪಿಸಿಕೊಳ್ಳಲು ಅರ್ಧ ದಿನ. ಮಿಕ್ಕದ್ದೆಲ್ಲ ಅವರದೇ ಕೆಲಸ: ಮೊದಲ ಪುಟದಲ್ಲಿ ಮೂಲ ಪ್ರಕಟಣೆಯ ವಿವರ ಮತ್ತು ಕೊಂಡಿ, ವಿಷಯಸೂಚಕ ಪದಗಳು, ಜಿಲ್ಲೆ ತಾಲ್ಲೂಕಿನ ಹೆಸರು. "ಕೆರೆ ಅಂತ ಕನ್ನಡದಲ್ಲೂ ಹಾಕ್ತೀನಿ ಮೇಡಂ, ಟ್ಯಾಂಕ್ ಇರಿಗೇಷನ್ ಅಂತ ಮೇಷ್ಟ್ರು ಹುಡುಕಲ್ಲ" ಅಂದರು. ಆ ಒಂದು ಮಾತಿಗೆ ಅವರನ್ನು ಇತಿಹಾಸ ವಿಭಾಗಕ್ಕೆ ಕರೆದುಕೊಂಡು ಬಂದುಬಿಡೋಣ ಅನಿಸಿತು.

ಇದೇನು ಹೊಸ ವಿದ್ಯೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ಬಿ. ರಾಜಶೇಖರ್ ಮತ್ತು ಅವರ ತಂಡ 2002ರಲ್ಲೇ ಈಪ್ರಿಂಟ್ಸ್ ರೆಪೊಸಿಟರಿ ಕಟ್ಟಿದರು, ಭಾರತದಲ್ಲೇ ಮೊದಲನೆಯದು. ಈಗ ಅಲ್ಲಿನ ಜೆ.ಆರ್.ಡಿ. ಟಾಟಾ ಸ್ಮಾರಕ ಗ್ರಂಥಾಲಯ ಅದನ್ನು ನೋಡಿಕೊಳ್ಳುತ್ತದೆ. ಅದಕ್ಕೂ ಎರಡು ವರ್ಷ ಮುಂಚೆ, 2000ದಲ್ಲಿ, ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಶಾಲಿನಿ ಅರಸ್ ಅವರು ಪಿಎಚ್.ಡಿ. ಪ್ರಬಂಧಗಳಿಗಾಗಿ ‘ವಿದ್ಯಾನಿಧಿ’ ಶುರುಮಾಡಿದ್ದರು. ಯುಜಿಸಿ ಪ್ರಬಂಧಗಳ ಡಿಜಿಟಲ್ ಪ್ರತಿ ಕಡ್ಡಾಯ ಮಾಡಿದ್ದು 2009ರಲ್ಲಿ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ದೇಶದ ಪಿಎಚ್.ಡಿ. ಪ್ರಬಂಧಗಳ ಭಂಡಾರ ‘ಶೋಧಗಂಗಾ’ ಬಂದದ್ದು ಅದರ ನಂತರ. ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ಕರ್ನಾಟಕದ ಗ್ರಂಥಪಾಲಕರು, ಗ್ರಂಥಾಲಯ ವಿಜ್ಞಾನದ ಮೇಷ್ಟ್ರುಗಳು. ಪಕ್ಕದ ಕಟ್ಟಡದ ನಾವು ಮಾತ್ರ ಅವರನ್ನು ಪುಸ್ತಕಕ್ಕೆ ಮೊಹರು ಹೊಡೆಯುವವರು ಅಂದುಕೊಂಡು ಕೂತೆವು.

ಕನ್ನಡದಲ್ಲಿ ಬರೆಯುವವರ ಕಥೆ ಇನ್ನೂ ಬೇರೆ. ನಮಗೆ ಡಾಲರಿನ ಬೀಗ ಇಲ್ಲ, ಫಾಂಟಿನ ಬೀಗ ಇದೆ. ನನ್ನದೇ ಒಂದು ಕನ್ನಡ ಲೇಖನವನ್ನೂ ಹಾಕಿಬಿಡಿ ಸರ್ ಅಂತ ಪೆನ್‌ಡ್ರೈವ್ ಕೊಟ್ಟೆ. ಡಿಟಿಪಿ ಅಂಗಡಿಯಲ್ಲಿ ಹಳೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದು. ಪಿಡಿಎಫ್ ತೆರೆದರೆ ಮುತ್ತಿನಂಥ ಅಕ್ಷರ. "ಈಗ ಇದರಲ್ಲಿ ‘ಕೆರೆ’ ಅಂತ ಹುಡುಕಿ" ಅಂದರು. ಪುಟಕ್ಕೆ ಹತ್ತು ಸಲ ಕೆರೆ ಇರುವ ಲೇಖನದಲ್ಲಿ ಒಂದೂ ಸಿಗಲಿಲ್ಲ. ಒಂದು ಸಾಲು ಕಾಪಿ ಮಾಡಿ ಅಂಟಿಸಿ ತೋರಿಸಿದರು: ತಲೆಯ ಮೇಲೆ ಕೊಂಬು ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ. ಅಲ್ಲಿ ಡಾಲರ್, ಇಲ್ಲಿ ಪೌಂಡು. ಎಲ್ಲ ಕಂಪ್ಯೂಟರಿಗೂ ಒಂದೇ ಥರ ಅರ್ಥವಾಗುವ ಯುನಿಕೋಡ್ ಸಂಕೇತದಲ್ಲಿ ಇಲ್ಲದ ಆ ಅಕ್ಷರಗಳು ನಮ್ಮ ಕಣ್ಣಿಗಷ್ಟೇ ಕನ್ನಡ, ಗೂಗಲ್ಲಿಗೆ ಕಸ. ಶೋಧಗಂಗಾದಲ್ಲಿರುವ ಕನ್ನಡ ಪ್ರಬಂಧಗಳಲ್ಲಿ ಹೀಗೆ ಕಣ್ಣಿಗೆ ಕಂಡೂ ಹುಡುಕಿದರೆ ಸಿಗದವು ಎಷ್ಟೋ. ಶೀರ್ಷಿಕೆಗಳನ್ನೋ ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ, ದೇವರೇ ಹುಡುಕಬೇಕು.

ಅವರು ಕನ್ವರ್ಟರ್‌ಗೆ ಹಾಕಿ ಯುನಿಕೋಡ್ ಮಾಡಿದರು. ಅರ್ಕಾವತ್ತು ಬಂದಲ್ಲೆಲ್ಲ ಕಾಲು ಜಾರಿತ್ತು. ಹದಿನೆಂಟು ಪುಟವನ್ನು ನಾವಿಬ್ಬರೂ ಎರಡು ಮಧ್ಯಾಹ್ನ ಕೂತು ತಿದ್ದಿದೆವು. ಅವರು ಓದುವುದು, ನಾನು ಕೀಲಿ ಒತ್ತುವುದು. ಈ ಕೆಲಸಕ್ಕೆ ಯಾವ ಆರ್ಡರೂ ಇಲ್ಲ, ಯಾವ ವರದಿಯಲ್ಲೂ ಕಾಲಂ ಇಲ್ಲ.

ಈಗ ಕೆಲವರು ಕೇಳುತ್ತಾರೆ, ‘ಒಂದು ರಾಷ್ಟ್ರ ಒಂದು ಚಂದಾದಾರಿಕೆ’ ಬಂತಲ್ಲ, ಇನ್ನೇನು ತೊಂದರೆ ಅಂತ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ನಾನು ಇಲ್ಲವೆನ್ನಲ್ಲ, ನಮ್ಮಂಥ ರಾಜ್ಯ ವಿಶ್ವವಿದ್ಯಾಲಯದವರಿಗೆ ಅದು ಹಬ್ಬವೇ. ನನ್ನ ವಿದ್ಯಾರ್ಥಿಗಳು ಈಗ ಕಳ್ಳದಾರಿ ಹುಡುಕುವುದು ಕಮ್ಮಿಯಾಗಿದೆ. ಆದರೆ ಅದು ಸರ್ಕಾರಿ ವಿದ್ಯಾಸಂಸ್ಥೆಗಳ ಒಳಗಿನವರು ಓದುವ ಏರ್ಪಾಡು. ಮುಳಬಾಗಿಲಿನ ಹೈಸ್ಕೂಲ್ ಮೇಷ್ಟ್ರು ಆ ಗೇಟಿನ ಒಳಗಿಲ್ಲ. ಗ್ರಾಮ ಪಂಚಾಯಿತಿ ಸದಸ್ಯ ಇಲ್ಲ, ಪತ್ರಕರ್ತ ಇಲ್ಲ, ನಿವೃತ್ತಿಯಾದ ಮಾರನೇ ದಿನ ನಾನೂ ಇಲ್ಲ. 6,000 ಕೋಟಿ ಕೊಟ್ಟು ಓದುವ ಹಕ್ಕು ತಂದಿದ್ದೇವೆ. ಬರೆದದ್ದನ್ನು ಹಂಚಲು ಬೇಕಿದ್ದದ್ದು ಒಂದು ಸರ್ವರ್ ಮತ್ತು ಆ ಕೆಲಸಕ್ಕೇ ಅಂತ ಒಬ್ಬ ಗ್ರಂಥಪಾಲಕ. ಅಷ್ಟಕ್ಕೆ ನಮ್ಮಲ್ಲಿ ಹುದ್ದೆ ಮಂಜೂರಾಗುವುದಿಲ್ಲ.

ರೆಪೊಸಿಟರಿ ಇದ್ದೂ ಖಾಲಿ ಬಿದ್ದಿರುವ ಕಡೆ ಮಾತ್ರ ತಪ್ಪು ಪೂರ್ತಿ ನಮ್ಮದು, ಮೇಷ್ಟ್ರುಗಳದು. ಬಡ್ತಿಯ ಸಿಎಎಸ್ ಕಡತ ಕಟ್ಟುವಾಗ ಅದೇ ಲೇಖನಗಳನ್ನು ಮೂರು ಸೆಟ್ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ, ಪ್ರತಿ ಪುಟಕ್ಕೆ ಸಹಿ ಮಾಡುವಷ್ಟು ತಾಳ್ಮೆ ನಮಗಿದೆ. ಒಂದು ಫೈಲನ್ನು ಲೈಬ್ರರಿಗೆ ಮೇಲ್ ಮಾಡಲು ಪುರುಸೊತ್ತಿಲ್ಲ. ಬೆಲ್ಜಿಯಂನ ಲೀಜ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಬರ್ನಾರ್ ರೆಂಟಿಯೆ ಇದಕ್ಕೆ ಸರಿಯಾದ ಮದ್ದು ಅರೆದರು. 2008ರಲ್ಲಿ ಅಲ್ಲಿನ ಗ್ರಂಥಾಲಯ ‘ಓರ್ಬಿ’ ಎಂಬ ರೆಪೊಸಿಟರಿ ತೆರೆಯಿತು. ಅದರಲ್ಲಿಲ್ಲದ ಲೇಖನ ಬಡ್ತಿಯ ಲೆಕ್ಕಕ್ಕೇ ಇಲ್ಲ ಅಂದುಬಿಟ್ಟರು, ಅಷ್ಟೇ. ಎಲ್ಲರ ಯಾಹೂ ಪಾಸ್‌ವರ್ಡೂ ತಕ್ಷಣ ನೆನಪಾಗಿರಬೇಕು. ನಮ್ಮಲ್ಲಿ ಇದೇ ಮಾತು ಸಭೆಯಲ್ಲಿ ಎತ್ತಿದೆ. ಹಿರಿಯರೊಬ್ಬರು, "ಎಲ್ಲರಿಗೂ ಕಾಣೋ ಹಾಗೆ ಹಾಕಿದ್ರೆ ಎಲ್ಲರೂ ಓದಿಬಿಡ್ತಾರಲ್ಲಮ್ಮ" ಅಂದರು. ನಕ್ಕರು ಎಲ್ಲರೂ. ನನಗೆ ಅನುಮಾನ, ಅವರು ನಿಜ ಹೇಳಿದರು ಅಂತ.

ಯಾಕೆಂದರೆ ಓದಿಬಿಡುತ್ತಾರೆ. ಲಿಂಕ್ ಕಳಿಸಿ ಮೂರು ವಾರಕ್ಕೆ ಮುಳಬಾಗಿಲಿನ ಮೇಷ್ಟ್ರಿಂದ ಮತ್ತೆ ಫೋನ್. ಪ್ರಿಂಟ್ ತೆಗೆಸಿ ಒಂಬತ್ತನೇ ಕ್ಲಾಸಿನವರನ್ನು ಕೆರೆ ಏರಿ ಮೇಲೆ ಕರೆದುಕೊಂಡು ಹೋಗಿದ್ದರಂತೆ. "ಮೇಡಂ, ಬೇಜಾರು ಮಾಡ್ಕೋಬೇಡಿ. ಶಾಸನದ ಕಲ್ಲು ತೂಬಿನ ಪಕ್ಕದಲ್ಲಿದೆ ಅಂತ ಬರ್ದಿದೀರಿ. ಅದು ತೂಬಲ್ಲ, ಕೋಡಿ. ಹುಡುಗ್ರೇ ಹೇಳಿದ್ದು." ನನ್ನ ಹಳೇ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ಅಲ್ಲಿ ಕೋಡಿ ಅಂತಲೇ ಇದೆ. ಇಂಗ್ಲಿಷಿಗೆ ಇಳಿಸುವಾಗ ನಾನೇ ಎಡವಿದ್ದೆ. ಇಬ್ಬರು ವಿಮರ್ಶಕರು, ಒಬ್ಬ ಸಂಪಾದಕ, ಹತ್ತು ವರ್ಷ, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಗ್ರಂಥಪಾಲಕರಿಗೆ ಹೇಳಿದೆ. ಲೇಖನದ ಪಕ್ಕದಲ್ಲೇ ಒಂದು ಪುಟದ ತಿದ್ದುಪಡಿ ಟಿಪ್ಪಣಿ ಹಾಕೋಣ, ತಾರೀಕು ಸಮೇತ ಅಂದರು. ಟಿಪ್ಪಣಿಯಲ್ಲಿ ಆ ಶಾಲೆಯ ಮಕ್ಕಳಿಗೆ ಕೃತಜ್ಞತೆ ಬರೆದೆ. ಸಂಜೆ ವಾಟ್ಸಾಪ್ ಬಂತು: "ಮೇಡಂ, ತಿದ್ದುಪಡಿ ಹಾಕಿದ್ದೇನೆ. ನಿಮ್ಮ 2009ರ ಲೇಖನದ ಫೈಲ್ ಇನ್ನೂ ಬಂದಿಲ್ಲ."