‘ಚೀನಾ ಚಕ್ರವರ್ತಿಯ ಗಡಿಯಾರ’ದ ಸತ್ಯಾಂಶ

ಹಳೆಯ ಪೆಟ್ಟಿಗೆಯಲ್ಲಿ ಎನಾಮೆಲ್ ಚಿತ್ರದ, ಸುತ್ತ ಮುತ್ತು ಕೂರಿಸಿದ ಜೇಬು ಗಡಿಯಾರ ಸಿಕ್ಕರೆ ಅದು ಚೀನಾದ ಅರಮನೆಯದು, ಬೆಲೆ ಕೋಟಿಗಟ್ಟಲೆ ಎನ್ನುವ ಸಂದೇಶ ಆಗಾಗ ಮೊಬೈಲಿಗೆ ಬರುತ್ತಿರುತ್ತದೆ. ಜೊತೆಗಿರುವ ಚಿತ್ರ ಅಷ್ಟು ಸೊಗಸಾಗಿರುವಾಗ ನಂಬಿದವರನ್ನು ದೂರುವಂತಿಲ್ಲ.

ಆದರೆ ಇವುಗಳಲ್ಲಿ ಹೆಚ್ಚಿನವು ವ್ಯಾಪಾರದ ಸರಕು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗಿ, ಕ್ಯಾಂಟನ್ ಬಂದರಿನ ಮೂಲಕ ಚೀನಾದ ಸಿರಿವಂತರ ಕೈಸೇರುತ್ತಿದ್ದವು. 1822ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಬೋವೆ ಸಂಸ್ಥೆ ಬೆಳೆದದ್ದೇ ಈ ವಹಿವಾಟಿನಿಂದ. ಕೆಲವನ್ನು ಜೋಡಿಯಾಗಿ ಮಾರುತ್ತಿದ್ದರು. ಒಂದರ ಚಿತ್ರ ಇನ್ನೊಂದರಲ್ಲಿ ಎಡಬಲ ಅದಲುಬದಲಾಗಿರುತ್ತಿತ್ತು. ಅಪರೂಪದವು ಹರಾಜಿನಲ್ಲಿ ಭಾರಿ ಬೆಲೆಗೆ ಹೋಗುವುದು ನಿಜ. ಎನಾಮೆಲ್ ಒಡೆದದ್ದಕ್ಕೆ, ಒಳಗಿನ ಯಂತ್ರ ಬದಲಾದದ್ದಕ್ಕೆ ಆ ಭಾಗ್ಯವಿಲ್ಲ.

ಪರೀಕ್ಷಿಸಲು ಒಳ್ಳೆಯ ಭೂತಗನ್ನಡಿಯೊಂದಿದ್ದರೆ ಅರ್ಧ ಕೆಲಸ ಮುಗಿಯಿತು. ಎನಾಮೆಲ್ ಎಂದರೆ ಲೋಹದ ಮೇಲೆ ಕುಲುಮೆಯಲ್ಲಿ ಕರಗಿಸಿ ಕೂರಿಸಿದ ಗಾಜಿನ ಪುಡಿ. ಕೈಯಿಂದ ಬರೆದದ್ದಾದರೆ ಹೂವಿನ ಎಸಳಿನಲ್ಲಿ ಕುಂಚದ ಎಳೆ ಕಾಣಬೇಕು. ಒಂದೇ ಅಳತೆಯ ಚುಕ್ಕೆಗಳ ಜಾಲ ಕಂಡರೆ ಅದು ಅಚ್ಚು ಹಾಕಿದ ಚಿತ್ರ. 1820ರದೆಂದು ಹೇಳುವ ಗಡಿಯಾರ ಮೇಲಿನ ತಿರುಪಿನಿಂದಲೇ ಕೀ ಕೊಡುವಂಥದ್ದಾಗಿದ್ದರೂ ಅನುಮಾನಿಸಿ. ಆ ಕಾಲದವಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಕೀಲಿಕೈ ಬೇಕಿತ್ತು.

ಬೆಲೆಯ ವಿಷಯದಲ್ಲಿ ಮಾರುವವರು ಕೇಳುವ ಮೊತ್ತ ಬಿಡಿ, ಹರಾಜು ಸಂಸ್ಥೆಗಳು ಪ್ರಕಟಿಸುವ ಮಾರಾಟದ ಮೊತ್ತ ನೋಡಿ. ಸಂದೇಶದ ಚಿತ್ರವನ್ನೇ ಹಾಕಿ ಅಂತರ್ಜಾಲದಲ್ಲಿ ಹುಡುಕಿದರೆ ಅದರ ಮೂಲವೂ ಸಿಗಬಹುದು. ಅಂದಹಾಗೆ, ಹಿಂಬದಿಯ ಮುಚ್ಚಳವನ್ನು ಚಾಕುವಿನಿಂದ ಮೀಟಬೇಡಿ. ಹಳೆಯ ಗಡಿಯಾರ ಬಲ್ಲ ರಿಪೇರಿಯವರಿಂದಲೇ ತೆಗೆಸಿ.