ಅತ್ತೆಯ ಚೊಂಬಲ್ಲಿ ನಾಲ್ಕು ದೇಶದ ಹುಳಿ

ನಮ್ಮನೆಯವರಿಗೆ ಹುಚ್ಚು ಹಿಡಿಯೋದು ಸರದಿ ಪ್ರಕಾರ. ಮೊದಲು ಸೈಕಲ್ಲು, ಆಮೇಲೆ ಮನೇಲೇ ಬ್ರೆಡ್ ಮಾಡೋದು, ಈ ಸಲ ರೀಸ್ಲಿಂಗ್ ವೈನು. ಪೂರ್ತಿ ಬೈಯೋಕೂ ಆಗಲ್ಲ ಬಿಡಿ, ನಾವಿರೋ ಊರೇ ಅಂಥದ್ದು. ಜರ್ಮನಿಯ ರುಸೆಲ್ಸ್‌ಹೈಮ್ ಅಂದ್ರೆ ಎಲ್ರೂ ಓಪೆಲ್ ಕಾರ್ ಫ್ಯಾಕ್ಟರಿ ಅಂತಾರೆ, ಆದ್ರೆ ರೀಸ್ಲಿಂಗ್ ದ್ರಾಕ್ಷಿಯ ಹೆಸರು ಮೊಟ್ಟಮೊದಲು ಬರಹದಲ್ಲಿ ಸಿಗೋದೂ ಇಲ್ಲೇ, 1435ರಲ್ಲಿ, ಈ ಸೀಮೆ ಆಳ್ತಿದ್ದ ಕೌಂಟ್ ಸಾಹೇಬರ ಲೆಕ್ಕದಲ್ಲಿ, ತೋಟಕ್ಕೆ ಬಳ್ಳಿ ತಂದಿದ್ದಕ್ಕೆ 22 ಶಿಲ್ಲಿಂಗ್ ಅಂತ. ಅಂದ್ರೆ ಇದರ ಚರಿತ್ರೆ ಶುರುವಾಗೋದೇ ಖರ್ಚಿಂದ. ಆ ಖರ್ಚು ಇನ್ನೂ ನಿಂತಿಲ್ಲ, ನಮ್ಮನೇಲಂತೂ.

ಶನಿವಾರ ಸಂಜೆ ಬ್ಲೈಂಡ್ ಟೇಸ್ಟಿಂಗ್, ಅಂದ್ರೆ ಯಾವ ವೈನು ಅಂತ ಗೊತ್ತಿಲ್ದೇ ರುಚಿ ನೋಡೋದು, ಅಂತ ಗೊತ್ತಾಯ್ತು. ಜರ್ಮನಿಯದೇ ಮೋಸೆಲ್ ನದಿ ಕಡೆಯದೊಂದು, ನಮ್ಮ ಪಕ್ಕದ ರೈನ್‌ಗಾವ್‌ದೊಂದು, ಫ್ರಾನ್ಸಿನ ಆಲ್ಸಾಸ್, ಆಸ್ಟ್ರಿಯಾದ ವಾಖಾವ್, ಆಸ್ಟ್ರೇಲಿಯಾದ ಕ್ಲೇರ್ ವ್ಯಾಲಿ. ಬಾಟ್ಲಿಗಳೆಲ್ಲ ಒಂದೇ ಥರ ಉದ್ದ ಕತ್ತಿನವು, ಲೇಬಲ್ ಮುಚ್ಚಿದ್ರೆ ಸಾಕು ಅಂತ ಇವರು ತಮ್ಮ ಕಾಲ್ಚೀಲಗಳನ್ನೇ ಹಾಕಿ ನಂಬರ್ ಅಂಟಿಸಿದ್ರು. ಒಗೆದಿದ್ದೇ ಅಂತ ಪ್ರಮಾಣ ಬೇರೆ. ಊರಿಂದ ಬಂದಿದ್ದ ಅತ್ತೆಗೆ "ಏನೋ ದ್ರಾಕ್ಷಿ ರಸದ ಪರೀಕ್ಷೆ ಅಮ್ಮಾ" ಅಂದ್ರು. ಅತ್ತೆ ನಂಬಿದ್ರೋ ಬಿಟ್ರೋ ಗೊತ್ತಿಲ್ಲ, ಸೀರಿಯಲ್ ನೋಡೋಕೆ ರೂಮಿಗೆ ಹೋದ್ರು.

ಬಂದೋರು ದಾವಣಗೆರೆ ಕಡೆಯ ಗಂಡ ಹೆಂಡ್ತಿ, ಮತ್ತೆ ವೈನ್ ಕೋರ್ಸ್ ಮಾಡಿರೋ ಮೈಸೂರಿನವರೊಬ್ರು. ಮೈಸೂರಿನವರು ಚಪ್ಪಲಿ ಬಿಡ್ತಾ ಬಿಡ್ತಾನೇ ಹೇಳಿಬಿಟ್ರು, ಸಿಹಿ ರೀಸ್ಲಿಂಗ್ ಎಲ್ಲ ಕಲಿಯೋರಿಗೆ, ನಿಜವಾಗಿ ರುಚಿ ಗೊತ್ತಿರೋರು ಡ್ರೈ, ಅಂದ್ರೆ ಸಿಹಿ ಇಲ್ದಿರೋದು, ಕುಡೀತಾರೆ ಅಂತ. ಸೆಂಟ್ ಹಾಕ್ಕೊಂಡು ಬರಬೇಡಿ, ಮೂಗು ಕೆಡುತ್ತೆ ಅಂತ ಇವರು ಮೊದಲೇ ಎಲ್ರಿಗೂ ಮೆಸೇಜ್ ಮಾಡಿದ್ರು. ಅದೆಲ್ಲ ಪಾಲಿಸಿದ್ರು ಪಾಪ. ಆದ್ರೆ ದಾವಣಗೆರೆಯವರು ಹಸಿಮೆಣಸಿನಕಾಯಿ, ಕಡಲೆಹಿಟ್ಟು, ಓಂಕಾಳು ಎಲ್ಲ ಕಟ್ಕೊಂಡು ಬಂದು "ಬರೀ ಹೊಟ್ಟೇಲಿ ಕುಡೀಬಾರ್ದು ಕಣ್ರೀ" ಅಂತ ಸೀದಾ ನನ್ನ ಅಡುಗೆಮನೆಗೆ ನುಗ್ಗಿ ಮಿರ್ಚಿ ಕರಿಯೋಕೆ ಶುರು ಮಾಡಿದ್ರು, ಹತ್ತು ನಿಮಿಷಕ್ಕೆ ಇಡೀ ಮನೆ ಎಣ್ಣೆ ಘಮ, ಕೆಮ್ಮು. ಹಾಲ್‌ನಲ್ಲಿ ಮೈಸೂರಿನವರು ಮೊದಲ್ನೇ ಗ್ಲಾಸಿಗೆ ಮೂಗಿಟ್ಟು ಕಣ್ಮುಚ್ಚಿ, "ಇದ್ರಲ್ಲಿ ಒಂಥರಾ ಹರ್ಬಲ್ ನೋಟ್ ಇದೆ" ಅಂದ್ರು. ಅದು ಓಂಕಾಳು. ಎರಡ್ನೇದ್ರಲ್ಲೂ ಹರ್ಬಲ್, ಮೂರ್ನೇದ್ರಲ್ಲೂ ಹರ್ಬಲ್.

ನಾಲ್ಕನೇ ಕಾಲ್ಚೀಲದ್ದು ಮಾತ್ರ ಮಿರ್ಚಿ ವಾಸನೆಗೂ ಬಗ್ಗಲಿಲ್ಲ. ದಾವಣಗೆರೆಯಾಕೆ ಮೂಸಿದ ತಕ್ಷಣ "ಸೀಮೆಎಣ್ಣೆ!" ಅಂದ್ರು. ಅವರ ಗಂಡ ನಾಚ್ಕೊಂಡು ಸುಮ್ನಿರೇ ಅಂದ್ರೆ, ಮೈಸೂರಿನವರು ಗಂಭೀರವಾಗಿ ಎದ್ದು ನಿಂತು ಕರೆಕ್ಟ್ ಅಂದ್ರು. ನಿಜವಂತೆ, ವಯಸ್ಸಾದ ರೀಸ್ಲಿಂಗ್‌ಗೆ ಪೆಟ್ರೋಲ್ ವಾಸನೆ ಬರುತ್ತೆ, ಟಿಡಿಎನ್ ಅನ್ನೋ ಒಂದು ವಸ್ತುವಿಂದ, ಗೊಂಚಲಿಗೆ ಬಿಸಿಲು ಜಾಸ್ತಿ ಬಿದ್ದಷ್ಟೂ ಅದು ಜಾಸ್ತಿ, ಅದಕ್ಕೇ ಇದು ಕ್ಲೇರ್ ವ್ಯಾಲಿದೇ ಇರಬೇಕು ಅಂತ. ಕೋರ್ಸಿಗೆ ಫೀಸು ಕಟ್ಟಿ ಕಲಿತಿದ್ದನ್ನ ಈಕೆ ನ್ಯಾಯಬೆಲೆ ಅಂಗಡಿ ಕ್ಯೂನಲ್ಲೇ ಕಲಿತಿದ್ರು.

ರೈನ್‌ಗಾವ್ ಬಾಟ್ಲಿ ತಳದಲ್ಲಿ ಸಣ್ಣ ಸಣ್ಣ ಹರಳು. ಗಾಜಿನ ಚೂರು ಅಂತ ದಾವಣಗೆರೆಯವರು ಗ್ಲಾಸ್ ದೂರ ಇಟ್ರು. ಗಾಜಲ್ಲ, ದ್ರಾಕ್ಷಿಯ ಟಾರ್ಟಾರಿಕ್ ಆಸಿಡ್ಡು, ಚಳಿಗೆ ಉಪ್ಪಿನ ಥರ ತಳಕ್ಕೆ ಕೂರುತ್ತೆ, ಏನೂ ಆಗಲ್ಲ ಅಂತ ಇವರು ಬೆರಳಲ್ಲಿ ತೆಗೆದು ನೆಕ್ಕಿ ತೋರಿಸಿದ್ರು. ಅದನ್ನ ನೋಡಿದ ಮೇಲೆ ಆ ಬಾಟ್ಲಿ ಯಾರೂ ಮುಟ್ಟಲಿಲ್ಲ.

ಮಿರ್ಚಿ ಬಿಸಿಬಿಸಿ ಬಂತು ನೋಡಿ, ಆಮೇಲೆ ಅಸಲಿ ಪರೀಕ್ಷೆ. ವಾಖಾವ್‌ದು ಸ್ಮರಾಗ್ಡ್ ದರ್ಜೆ, ಅಲ್ಲಿನ ದ್ರಾಕ್ಷಿತೋಟದ ಕಲ್ಲುಗೋಡೆ ಮೇಲೆ ಬಿಸಿಲು ಕಾಯಿಸೋ ಹಸಿರು ಹಲ್ಲಿ ಹೆಸರಿಟ್ಟಿದಾರೆ, ಆಲ್ಕೋಹಾಲ್ ಕಡಿಮೆ ಅಂದ್ರೂ ಹನ್ನೆರಡೂವರೆ ಪರ್ಸೆಂಟ್ ಇರಲೇಬೇಕು, ಸಿಹಿ ಇಲ್ವೇ ಇಲ್ಲ. ಖಾರದ ಬಾಯಿಗೆ ಅದು ಬಿದ್ದಿದ್ದೇ ತಡ ಮೈಸೂರಿನವರ ಕಿವಿ ಕೆಂಪಾಯ್ತು, ಖಾರಕ್ಕೆ ಆಲ್ಕೋಹಾಲ್ ಸೇರಿದ್ರೆ ಉರಿ ಜಾಸ್ತೀನೇ ಆಗೋದು. ಅವರು ಕೈ ಚಾಚಿದ್ದು ಎರಡ್ನೇ ಕಾಲ್ಚೀಲಕ್ಕೆ. ಒಂದ್ಸಲ ಅಲ್ಲ, ಮತ್ತೆ ಮತ್ತೆ. ಶೀಟಲ್ಲೂ ಅದಕ್ಕೇ ಜಾಸ್ತಿ ಮಾರ್ಕ್ಸು. ಕಾಲ್ಚೀಲ ಬಿಚ್ಚಿದ್ರೆ ಮೋಸೆಲ್‌ನ ಕಬಿನೆಟ್ ಅನ್ನೋ ಹಗುರ ದರ್ಜೆದು, ಆಲ್ಕೋಹಾಲ್ ಎಂಟೇ ಪರ್ಸೆಂಟು, ಅದೇ ಕಲಿಯೋರ ಸಿಹಿ ವೈನು! ನಂಗೇನೋ ಮೊದಲಿಂದಲೂ ಅದೇ ಇಷ್ಟ. ಸಕ್ಕರೆ ಇದ್ರೂ ಅದಕ್ಕೆ ತಕ್ಕ ಹುಳಿಯೂ ಇರುತ್ತೆ, ಬಾಯಿಗೆ ಅಂಟಲ್ಲ, ನಮ್ಮ ಒಗ್ಗರಣೆ ಊಟಕ್ಕೆ ಇದನ್ನ ಬಿಟ್ಟು ಡ್ರೈ ಡ್ರೈ ಅಂತ ಯಾಕೆ ಒದ್ದಾಡ್ತಾರೋ.

ಈಗ ಚೊಂಬಿನ ವಿಷಯ. ಟೇಸ್ಟಿಂಗ್ ಅಂದ್ರೆ ನುಂಗೋ ಹಾಗಿಲ್ವಂತೆ, ಬಾಯಲ್ಲಿ ಮುಕ್ಕಳಿಸಿ ಉಗೀಬೇಕು. ಉಗಿಯೋಕೆ ಪಾತ್ರೆ ಬೇಕಲ್ಲ, ನಾನು ಬಾಣಲೆ ಮುಂದೆ ನಿಂತಿದ್ದಾಗ ಇವರು ಶೆಲ್ಫಿಂದ ಬಾಯಿ ಅಗಲವಾಗಿರೋ ತಾಮ್ರದ ಚೊಂಬು ತಗೊಂಡು ಹೋಗಿದಾರೆ. ವರಮಹಾಲಕ್ಷ್ಮಿಗೆ ಕಳಸ ಇಡೋಕೆ ಅಂತ ಅತ್ತೆ ಸೂಟ್‌ಕೇಸಲ್ಲಿ ಸೀರೆ ಮಧ್ಯೆ ಸುತ್ಕೊಂಡು ತಂದಿದ್ದ ಚೊಂಬು! ಸೀರಿಯಲ್ ಬ್ರೇಕಲ್ಲಿ ಅತ್ತೆ ಹೊರಗೆ ಬಂದ್ರು. ಚೊಂಬು ಕೈಯಿಂದ ಕೈಗೆ ಹೋಗ್ತಿದೆ, ಒಬ್ಬೊಬ್ರೇ ಬಗ್ಗಿ ಅದಕ್ಕೆ ಉಗೀತಿದಾರೆ.

"ಏನೋ ಅದು?"

"ಅದೇ ಅಮ್ಮಾ, ದ್ರಾಕ್ಷಿ ರಸ..."

"ರಸ ಆದ್ರೆ ಕುಡೀರಪ್ಪ. ಉಗಿಯೋದಿಕ್ಕೆ ದುಡ್ಡು ಕೊಟ್ಟು ತಂದ್ಯಾ?"

ಯಾರ ಹತ್ರಾನೂ ಉತ್ತರ ಇರ್ಲಿಲ್ಲ, ಮೈಸೂರಿನವರು ಬಾಯಲ್ಲಿದ್ದಿದ್ದನ್ನ ಗಟಕ್ಕನೆ ನುಂಗಿಬಿಟ್ರು. ಅತ್ತೆ ಚೊಂಬು ನೋಡಿದ್ರು, ಮಗನ್ನ ನೋಡಿದ್ರು, ಬಾಗಿಲು ಹಾಕ್ಕೊಂಡ್ರು. ಪಾರ್ಟಿ ಅಲ್ಲಿಗೆ ಮುಗೀತು. ಹೆದರಿ ಇವರು ಚೊಂಬನ್ನ ಹಾಗೇ ಬಾಲ್ಕನೀಲಿ ಗಿಡದ ಹಿಂದೆ ಬಚ್ಚಿಟ್ರು.

ಬೆಳಿಗ್ಗೆ ಅತ್ತೆನೇ ಹುಡುಕಿ ತೆಗೆದು ಸಿಂಕಿಗೆ ಸುರಿದ್ರೆ, ಚೊಂಬಿನ ಒಳಗೆ ತಳದಿಂದ ಒಂದು ಗೆರೆ ತನಕ ಫಳಫಳ ಅಂತಿದೆ, ಗೆರೆ ಮೇಲೆ ಹಳೇ ಕಪ್ಪು. ಹುಣಸೆಹಣ್ಣಲ್ಲಿರೋದೂ ಅದೇ ಟಾರ್ಟಾರಿಕ್ ಆಸಿಡ್ಡು, ರಾತ್ರಿಯೆಲ್ಲ ನಾಲ್ಕು ದೇಶದ ಹುಳಿ ಕೂತು ತಾಮ್ರ ಬೆಳಗಿದೆ. ಅತ್ತೆ ಬೆರಳಿಟ್ಟು ಉಜ್ಜಿ ನೋಡಿದ್ರು. "ಎಂಜಲಾಯ್ತು, ಇದು ಇನ್ನು ದೇವರ ಮನೆಗಿಲ್ಲ" ಅಂತ ಪಕ್ಕಕ್ಕಿಟ್ಟು, ಇವರ ಆಫೀಸಿನ ತಾಮ್ರದ ನೀರಿನ ಬಾಟ್ಲು ಎತ್ಕೊಂಡು, "ಇಲ್ಲಿ ಹುಣಸೆಹಣ್ಣು ಬೇರೆ ದುಬಾರಿ, ಆ ಹಲ್ಲಿದು ಅರ್ಧ ಉಳಿದಿತ್ತಲ್ಲ, ಇದಕ್ಕೆ ಹುಯ್ಯಿ" ಅಂದ್ರು.

ಇವರು ಆ ವಾಖಾವ್‌ಗೆ ಕೊಟ್ಟ ರೇಟು ನಂಗೆ ಅವತ್ತೇ ಗೊತ್ತಾಗಿದ್ದು, ಯಾಕಂದ್ರೆ ಹುಯ್ಯುವಾಗ ಬಾಯಿಬಿಟ್ಟು ಹೇಳ್ಕೊಂಡ್ರು.