ಮಾವನ ಗೇಣು

ವಿಜಯಪುರದಲ್ಲಿ ಹುಟ್ಟಿ ದೆಹಲಿಯಲ್ಲಿ ಸಂಸಾರ ಹೂಡಿದವನಿಗೆ ಒಂದು ಕೆಲಸ ತಪ್ಪಿದ್ದಲ್ಲ. ಊರಿನಿಂದ ಬಂದ ನೆಂಟರನ್ನೆಲ್ಲ ಜಾಮಾ ಮಸೀದಿಗೆ ಕರೆದುಕೊಂಡು ಹೋಗಬೇಕು. ಕಳೆದ ಚಳಿಗಾಲದಲ್ಲಿ ಸೋದರಮಾವ ಬಂದಿದ್ದರು. ಅವರು ಗಾರೆ ಮೇಸ್ತ್ರಿ. ಕಟ್ಟಡವನ್ನು ಸುಮ್ಮನೆ ನೋಡಿ ಬರುವವರಲ್ಲ.

ಷಹಜಹಾನ್ ಇದನ್ನು 1650ರಲ್ಲಿ ಆರಂಭಿಸಿ 1656ರಲ್ಲಿ ಮುಗಿಸಿದ. ಕಟ್ಟಿಸಿದ್ದು ಭೋಜ್ಲಾ ಪಹಾಡಿ ಎಂಬ ಗುಡ್ಡದ ಮೇಲೆ. ಜಾಗದ ಆಯ್ಕೆಯಲ್ಲೇ ಅವನ ಮನಸ್ಸು ತಿಳಿಯುತ್ತದೆ. ಮೂರು ದಿಕ್ಕಿಗೆ ಮೆಟ್ಟಿಲು, ಪೂರ್ವದ ಬಾಗಿಲು ಬಾದಶಹನಿಗೆ. ಕೆಂಪುಕಲ್ಲಿನ ಕಟ್ಟಡದ ಮೇಲೆ ಕಪ್ಪು ಪಟ್ಟಿಗಳ ಮೂರು ಬಿಳಿ ಗುಮ್ಮಟ. ದೂರದಿಂದ ನೋಡಲು ಎರಡು ಕಣ್ಣು ಸಾಲದು.

ಅಂಗಳ ದಾಟುತ್ತ ಹೋದಾಗ ಮಾವ ಥಟ್ಟನೆ ನಿಂತರು. ‘ನಡುವಿನ ಗುಮ್ಮಟ ಎಲ್ಲಿ ಹೋಯಿತೋ?’ ನಿಜವೇ. ಮುಂದಿನ ದೊಡ್ಡ ಕಮಾನು ಎಷ್ಟು ಎತ್ತರವೆಂದರೆ, ಹತ್ತಿರ ಹೋದಂತೆಲ್ಲ ಹಿಂದಿನ ಗುಮ್ಮಟವನ್ನು ನುಂಗುತ್ತ ಬರುತ್ತದೆ. ಹದಿನೈದು ವರ್ಷ ಇಲ್ಲಿದ್ದೂ ನಾನು ಅದನ್ನು ಗಮನಿಸಿರಲಿಲ್ಲ.

ನಮ್ಮೂರಿನ ಜಾಮಿಯಾ ಮಸೀದಿ ಇದಕ್ಕಿಂತ ಹಳೆಯದು. 1570ರ ದಶಕದಲ್ಲಿ ಮೊದಲನೆಯ ಅಲಿ ಆದಿಲ್ ಶಾ ಶುರು ಮಾಡಿಸಿದ್ದು, ಪೂರ್ತಿಯಾಗಲೇ ಇಲ್ಲ. ಅಮೃತಶಿಲೆಯ ಮೆರುಗಿಲ್ಲ. ಸಾಲುಗಮಾನುಗಳ ಮೇಲೆ ಒಂದೇ ಗುಮ್ಮಟ, ಬುಡದಲ್ಲಿ ಎಸಳುಗಳು. ಮುಂದೆ ಅದನ್ನು ಮರೆಮಾಡುವ ಕಮಾನಿಲ್ಲ. ಒಳಗೆ ಹೋಗಿ ತಲೆಯೆತ್ತಿದರೆ ಕಸುಬು ಕಾಣುತ್ತದೆ. ಕಮಾನುಗಳು ಒಂದನ್ನೊಂದು ಅಡ್ಡಹಾಯ್ದು ಚೌಕವನ್ನು ದುಂಡಾಗಿಸಿ ಗುಮ್ಮಟವನ್ನು ಹೊತ್ತಿವೆ. ಮುಂದೆ ಗೋಲಗುಮ್ಮಟದ ಭಾರ ಹೊತ್ತದ್ದೂ ಇದೇ ಉಪಾಯ. ದೆಹಲಿಯದು ಬೀದಿಗೆ ಬೀಗುತ್ತದೆ, ನಮ್ಮದು ಒಳಗೆ ಬಂದವನ ಜೊತೆ ಮಾತಾಡುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವವರು ಎನ್ನಲಿ.

ಎರಡಕ್ಕೂ ಒಂದು ನಂಟಿದೆ. ದೆಹಲಿಯ ಪ್ರಾರ್ಥನಾ ಮಂದಿರದ ನೆಲದಲ್ಲಿ ಬಿಳಿ ಅಮೃತಶಿಲೆಗೆ ಕಪ್ಪು ಅಂಚು ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಕಲ್ಲಿನ ಚಾಪೆ ಹಾಸಿದಂತೆ ಮಾಡಿದ್ದಾರೆ. ಷಹಜಹಾನನ ಮಗ ಔರಂಗಜೇಬ 1686ರಲ್ಲಿ ಬಿಜಾಪುರವನ್ನು ಗೆದ್ದ. ಅಲ್ಲಿನ ಮಸೀದಿಯ ನೆಲದಲ್ಲಿರುವ 2250 ಚೌಕಗಳನ್ನು ಬಿಡಿಸಿದ್ದು ಅವನ ಕಾಲದಲ್ಲೇ ಎನ್ನುತ್ತಾರೆ. ಅಪ್ಪನ ಮಸೀದಿಯ ಲೆಕ್ಕವನ್ನು ಮಗ ನಮ್ಮೂರಿಗೆ ಹೊತ್ತು ತಂದನೇ?

ಇದನ್ನು ಹೇಳಿದ್ದೇ ತಪ್ಪಾಯಿತು. ಮಾವ ಮೊಣಕಾಲೂರಿ ಕಲ್ಲಿನ ಚಾಪೆಯ ಮೇಲೆ ಗೇಣು ಹಾಕತೊಡಗಿದರು. ಉದ್ದ ಇಷ್ಟು, ಅಗಲ ಇಷ್ಟು ಎಂದು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡರು. ಊರಿನದನ್ನೂ ಅಳೆದು ಫೋನ್ ಮಾಡುತ್ತೇನೆ ಎಂದು ಹೋದರು. ಟಿಕೆಟ್ಟು ಕಳೆದಿದೆಯಂತೆ, ಮತ್ತೆ ಬರುತ್ತಾರಂತೆ.